ಚಿಪ್ ಮೇಲೆ ತೇಲುವ ಅಯಾನು: ಓದುಗರ ಪ್ರಶ್ನೆಗಳಿಗೆ ಉತ್ತರ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಿಂದ 2019ರಲ್ಲಿ ಹೊರಬಂದ ‘ಆಕ್ಸ್‌ಫರ್ಡ್ ಅಯಾನಿಕ್ಸ್’ ಎಂಬ ಪುಟ್ಟ ಕಂಪನಿಯನ್ನು ಅಮೆರಿಕದ ‘ಅಯಾನ್‌ಕ್ಯೂ’ 2025ರಲ್ಲಿ 107.5 ಕೋಟಿ ಡಾಲರಿಗೆ ಕೊಂಡಿತು. ಆ ಸುದ್ದಿ ಬಂದ ಮೇಲೆ ಕ್ವಾಂಟಮ್ ಕಂಪ್ಯೂಟರಿನ ಬಗ್ಗೆ ಕಾಗದ ಬರುವುದು ಹೆಚ್ಚಾಗಿದೆ. ಈ ಸಲ ಆರಿಸಿಕೊಂಡವೆಲ್ಲ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳವು.

ಪ್ರಶ್ನೆ: ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸಿಲಿಕಾನ್ ಚಿಪ್ ಮೇಲೆ ಒಂದೊಂದೇ ಅಯಾನನ್ನು ಸಾಲಾಗಿ ನಿಲ್ಲಿಸಿ ಲೆಕ್ಕ ಮಾಡಿಸುತ್ತಾರೆ ಎಂದು ಓದಿದೆ. ಅದನ್ನು ಹಿಡಿದಿರುವುದು ಯಾವುದು? ಚಿಪ್‌ಗೆ ಅಂಟಿಕೊಂಡು ಬಿಡುವುದಿಲ್ಲವೇ?
— ನಿವೃತ್ತ ಶಿಕ್ಷಕರು, ನಂಜನಗೂಡು

ಉತ್ತರ: ಮೇಷ್ಟ್ರೇ, ಅಂಟಿಕೊಂಡರೆ ಕೆಲಸ ಕೆಟ್ಟಿತು. ಅಯಾನು ಚಿಪ್ಪನ್ನು ಮುಟ್ಟುವುದೇ ಇಲ್ಲ. ಅದರಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಎತ್ತರದಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ಡಬ್ಬಿಯೊಳಗೆ ತೇಲುತ್ತಿರುತ್ತದೆ.

ಆಕ್ಸ್‌ಫರ್ಡಿನವರ ಮೆಚ್ಚಿನ ಧಾತು ಕ್ಯಾಲ್ಸಿಯಂ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿರುವುದೂ ಅದೇ. ಲೋಹದ ಚೂರೊಂದನ್ನು ಕಾಯಿಸಿದರೆ ಆವಿ ಏಳುತ್ತದೆ. ಆವಿಯಲ್ಲಿನ ಪರಮಾಣುವಿಗೆ ಲೇಸರ್ ಬಿಟ್ಟು ಒಂದು ಎಲೆಕ್ಟ್ರಾನ್ ಕಿತ್ತರೆ ಉಳಿಯುವುದು ಧನ ಆವೇಶದ ಅಯಾನು. ಆವೇಶ ಇದ್ದ ಮೇಲೆ ವಿದ್ಯುತ್ತಿನಿಂದ ಹಿಡಿಯಬಹುದಲ್ಲ ಎನ್ನುತ್ತೀರಿ. ಸುಲಭವಿಲ್ಲ. ಸ್ಥಿರ ವಿದ್ಯುತ್ ಕ್ಷೇತ್ರವನ್ನು ಎಷ್ಟೇ ಜಾಣತನದಿಂದ ಜೋಡಿಸಿದರೂ ಆವೇಶವೊಂದು ಅದರಲ್ಲಿ ನೆಲೆ ನಿಲ್ಲದು ಎಂದು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲೇ ತೋರಿಸಿಕೊಟ್ಟಿದ್ದ. ಎರಡು ಪಕ್ಕದಿಂದ ಒತ್ತಿ ಹಿಡಿದರೆ ಮೂರನೆಯ ಪಕ್ಕದಿಂದ ಜಾರಿಹೋಗುತ್ತದೆ.

ಇದಕ್ಕೆ ಉಪಾಯ ಹುಡುಕಿದವರು ಜರ್ಮನಿಯ ವೋಲ್ಫ್‌ಗಾಂಗ್ ಪೌಲ್. ಕ್ಷೇತ್ರವನ್ನು ಸ್ಥಿರವಾಗಿ ಇಡಬೇಡಿ, ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅದಲು ಬದಲು ಮಾಡಿ ಎಂದರು. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನನ್ನು ನೋಡಿದ್ದೀರಲ್ಲ. ಕೈ ಅಲ್ಲಾಡದಿದ್ದರೆ ಕೋಲು ಬೀಳುತ್ತದೆ, ಆಡುತ್ತಿದ್ದರೆ ನಿಲ್ಲುತ್ತದೆ. ಹೋಲಿಕೆ ಅಲ್ಲಿಗೇ ಮುಗಿಯಿತು: ಹುಡುಗ ಕೋಲನ್ನು ನೋಡಿ ಕೈ ತಿದ್ದುತ್ತಾನೆ, ಪೌಲ್ ಬಲೆ ಏನನ್ನೂ ನೋಡುವುದಿಲ್ಲ, ಒಂದೇ ಲಯದಲ್ಲಿ ಆಡುತ್ತಿರುತ್ತದೆ. ಅಯಾನು ಒಂದು ಕಡೆ ಸರಿಯುವಷ್ಟರಲ್ಲಿ ಆ ಕಡೆಯ ತಳ್ಳು ಎಳೆತವಾಗಿ, ಎಳೆತ ತಳ್ಳಾಗಿ, ಒಟ್ಟಿನಲ್ಲಿ ನಡುವಿಗೇ ಹಿಂತಿರುಗುತ್ತದೆ. ಪೌಲ್ ಅವರಿಗೆ ಇದಕ್ಕಾಗಿ 1989ರಲ್ಲಿ ನೊಬೆಲ್ ಬಂತು.

ಹೀಗೆ ನಿಂತ ಅಯಾನನ್ನು ಲೇಸರ್ ಬೆಳಕಿನಿಂದಲೇ ತಣ್ಣಗಾಗಿಸುತ್ತಾರೆ. ಸುತ್ತಲಿನ ಚಿಪ್ ಕೋಣೆಯ ಉಷ್ಣತೆಯಲ್ಲಿದ್ದರೂ ಅಯಾನು ನಿರಪೇಕ್ಷ ಸೊನ್ನೆಯಿಂದ ಒಂದು ಡಿಗ್ರಿಯ ಸಾವಿರದ ಕೆಲವು ಪಾಲು ಮಾತ್ರ ಮೇಲಿರುತ್ತದೆ. ಅದರೊಳಗಿನ ಎರಡು ಶಕ್ತಿಸ್ಥಿತಿಗಳೇ ಸೊನ್ನೆ ಮತ್ತು ಒಂದು. ಎರಡರ ಮಿಶ್ರಣದಲ್ಲೂ ಇರಬಲ್ಲದಾದ್ದರಿಂದ ಅದು ಕ್ಯೂಬಿಟ್. ಪಕ್ಕಪಕ್ಕದ ಅಯಾನುಗಳು ಒಂದನ್ನೊಂದು ತಳ್ಳುತ್ತವೆ, ಆದ್ದರಿಂದ ಒಂದರ ಅಲುಗಾಟ ಇನ್ನೊಂದಕ್ಕೆ ಮುಟ್ಟುತ್ತದೆ. ಈ ಹಂಚಿಕೊಂಡ ಅಲುಗಾಟದ ಮೂಲಕ ಎರಡರ ನಡುವೆ ಲೆಕ್ಕ ನಡೆಸಬಹುದು ಎಂದು ಇಗ್ನಾಸಿಯೊ ಸಿರಾಕ್ ಮತ್ತು ಪೀಟರ್ ಝೋಲರ್ 1995ರಲ್ಲಿ ಬರೆದರು. ಅದೇ ವರ್ಷ ಅಮೆರಿಕದ ಬೌಲ್ಡರಿನಲ್ಲಿ ಡೇವಿಡ್ ವೈನ್‌ಲ್ಯಾಂಡ್, ಕ್ರಿಸ್ ಮನ್ರೋ ಮತ್ತು ಸಂಗಡಿಗರು ಬೆರಿಲಿಯಂ ಅಯಾನಿನ ಮೇಲೆ ಅಂಥದೊಂದು ಗೇಟ್, ಅಂದರೆ ಲೆಕ್ಕದ ಒಂದು ಹೆಜ್ಜೆ, ಮಾಡಿ ತೋರಿಸಿದರು.

ಅಯಾನಿನ ದೊಡ್ಡ ಗುಣ ಅದರ ಜ್ಞಾಪಕಶಕ್ತಿ. ಒಂಟಿ ಕ್ಯಾಲ್ಸಿಯಂ-43 ಅಯಾನು ಸುಮಾರು 50 ಸೆಕೆಂಡ್ ತನ್ನ ಸ್ಥಿತಿ ಉಳಿಸಿಕೊಂಡದ್ದನ್ನು ಆಕ್ಸ್‌ಫರ್ಡ್ ತಂಡ 2014ರಲ್ಲಿ ವರದಿ ಮಾಡಿತು. ಗೂಗಲ್, ಐಬಿಎಂ ನೆಚ್ಚಿಕೊಂಡಿರುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳು ಮಿಲಿಸೆಕೆಂಡ್ ದಾಟಲು ಹೆಣಗುತ್ತವೆ. ಹಾಗೆಂದು ಅಯಾನೇ ಗೆದ್ದಿತು ಎನ್ನುವ ಹಾಗಿಲ್ಲ. ಅದರ ಕೈ ಬಲು ನಿಧಾನ. ಸೂಪರ್‌ಕಂಡಕ್ಟಿಂಗ್ ಚಿಪ್ ನೂರಾರು ಹೆಜ್ಜೆ ಮುಗಿಸುವ ಹೊತ್ತಿಗೆ ಅಯಾನು ಒಂದು ಹೆಜ್ಜೆ ಇಟ್ಟಿರುತ್ತದೆ.

ಪ್ರಶ್ನೆ: ಒಂದೇ ಒಂದು ಅಯಾನು ಕಣ್ಣಿಗೆ ಕಾಣುತ್ತದೆಯೇ? ನಮ್ಮ ಲೆಕ್ಚರರ್ ಸಾಧ್ಯವೇ ಇಲ್ಲ ಅಂದರು.
— ಪಿಯು ವಿದ್ಯಾರ್ಥಿನಿ, ತಿ. ನರಸೀಪುರ

ಉತ್ತರ: ಕಾಣುತ್ತದಮ್ಮ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಒಂದೇ ಬೇರಿಯಂ ಅಯಾನಿನ ಫೋಟೊ 1980ರಲ್ಲೇ ಅಚ್ಚಾಗಿದೆ. ಆಕ್ಸ್‌ಫರ್ಡಿನ ವಿದ್ಯಾರ್ಥಿ ಡೇವಿಡ್ ನಾಡ್ಲಿಂಗರ್ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದ ಒಂಟಿ ಸ್ಟ್ರಾನ್ಷಿಯಂ ಅಯಾನಿನ ಚಿತ್ರಕ್ಕೆ 2018ರಲ್ಲಿ ಬ್ರಿಟನ್ನಿನ ವಿಜ್ಞಾನ ಛಾಯಾಚಿತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಸುಮಾರು ಎರಡು ಮಿಲಿಮೀಟರ್ ದೂರದ ಎರಡು ಲೋಹದ ಮೊನೆಗಳ ನಡುವೆ ನಸುನೀಲಿ ಚುಕ್ಕೆ. ನೀನು ನೋಡುವುದು ಅಯಾನಿನ ಗಾತ್ರವನ್ನಲ್ಲ, ಅದು ಹೀರಿ ಮತ್ತೆ ಉಗುಳುವ ಲೇಸರ್ ಬೆಳಕನ್ನು. ನಿಮ್ಮ ಲೆಕ್ಚರರ್ ಹೇಳಿದ್ದು ಗಾತ್ರದ ಮಟ್ಟಿಗೆ ನಿಜವೇ. ಆ ಚಿತ್ರವನ್ನು ಅವರಿಗೆ ತೋರಿಸು, ಬೇಜಾರು ಮಾಡಿಕೊಳ್ಳಲಾರರು.

ಪ್ರಶ್ನೆ: ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಿಸಿಬಿ ಕೆಲಸದಲ್ಲಿದ್ದೀನಿ ಸಾರ್, ಪ್ಲೇಟಿಂಗ್ ಸೆಕ್ಷನ್ನು. ಈ ಅಯಾನ್ ಚಿಪ್ ಮೇಲೆ ಇರೋದೂ ಚಿನ್ನದ ಪಟ್ಟಿ, ತಾಮ್ರದ ಗೆರೆ ತಾನೆ? ನಮ್ಮ ಬೋರ್ಡಿಗೂ ಅದಕ್ಕೂ ಏನು ವ್ಯತ್ಯಾಸ?
— ಕಾರ್ಖಾನೆ ನೌಕರ, ನಂಜನಗೂಡು

ಉತ್ತರ: ಈ ಪ್ರಶ್ನೆಯನ್ನು ಎಂಜಿನಿಯರಿಂಗ್ ಕಾಲೇಜಿನವರು ಕೇಳಿದ್ದರೂ ಇಷ್ಟು ಸಂತೋಷವಾಗುತ್ತಿರಲಿಲ್ಲ. ನಿಮ್ಮ ಊಹೆ ಎಷ್ಟು ಸರಿ ಎಂದರೆ, ಅಮೆರಿಕದ ಎಂಐಟಿಯವರು ನಿಜವಾಗಿಯೂ ಪಿಸಿಬಿಯ ಮೇಲೆಯೇ ಅಯಾನು ಬಲೆ ಮಾಡಿ, ಸ್ಟ್ರಾನ್ಷಿಯಂ ಅಯಾನುಗಳನ್ನು ಹಿಡಿದು 2007ರಲ್ಲಿ ಪ್ರಬಂಧ ಬರೆದರು. ಹಿಡಿಯುವುದಕ್ಕೆ ಬೋರ್ಡು ಸಾಕು. ಲೆಕ್ಕ ಮಾಡಿಸುವುದಕ್ಕೆ ಸಾಲದು.

ಮೊದಲು ಬಲೆಗಳು ಸರಳು, ಅಲಗುಗಳನ್ನು ಕೈಯಿಂದ ಜೋಡಿಸಿ ಕಟ್ಟಿದ ಲೋಹದ ಪಂಜರಗಳಾಗಿದ್ದವು. ಹತ್ತು ಅಯಾನಿಗೆ ಸರಿ, ಹತ್ತು ಸಾವಿರಕ್ಕೆ ಹಾಗೆ ಕಟ್ಟುತ್ತ ಕೂರಲು ಆಗದು. 2006ರಲ್ಲಿ ಎರಡು ದಾರಿ ತೆರೆದವು. ಮನ್ರೋ ಅವರ ತಂಡ ಗ್ಯಾಲಿಯಂ ಆರ್ಸೆನೈಡ್ ಎಂಬ ಸೆಮಿಕಂಡಕ್ಟರಿನಲ್ಲಿ ಬಲೆ ಕೆತ್ತಿತು. ಬೌಲ್ಡರಿನವರು ಎಲೆಕ್ಟ್ರೋಡ್‌ಗಳನ್ನೆಲ್ಲ ಒಂದೇ ಸಮತಲಕ್ಕೆ ತಂದು, ಅಯಾನನ್ನು ಅದರ ಮೇಲ್ಗಡೆ ತೇಲಿಸಿದರು. ಎಲ್ಲವೂ ಒಂದೇ ಸಮತಲಕ್ಕೆ ಬಂದರೆ ನಿಮ್ಮ ಲೈನಿನಲ್ಲಿ ನಡೆಯುವಂತೆ ಫೋಟೊ ಹಾಕಿ, ಬೆಳಕು ಕೊಟ್ಟು, ಎಚಿಂಗ್ ಮಾಡಿ ತೆಗೆಯಬಹುದು. ಇಲ್ಲಿಂದ ಮುಂದೆ ಅದು ಸೆಮಿಕಂಡಕ್ಟರ್ ಕಾರ್ಖಾನೆಯ ಕೆಲಸವಾಯಿತು.

ಬೋರ್ಡು ಎಲ್ಲಿ ಸೋಲುತ್ತದೆ? ಮೊದಲನೆಯದು ನಿರ್ವಾತ. ಡಬ್ಬಿಯೊಳಗಿನ ಒತ್ತಡ ವಾತಾವರಣದ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬೇಕು. ಇಲ್ಲದಿದ್ದರೆ ದಾರಿತಪ್ಪಿದ ಅನಿಲದ ಅಣು ಬಂದು ಗುದ್ದಿ ಅಯಾನನ್ನು ಕೆಡಿಸುತ್ತದೆ. ಗ್ಲಾಸ್-ಇಪಾಕ್ಸಿ ಲ್ಯಾಮಿನೇಟ್ ಎಷ್ಟು ಒಣಗಿಸಿದರೂ ಅನಿಲ ಬಿಡುತ್ತಲೇ ಇರುತ್ತದೆ. ಎರಡನೆಯದು ಪಟ್ಟಿಗಳ ನಡುವಿನ ಸಂದು. ಅಲ್ಲಿ ಬರಿ ಇನ್ಸುಲೇಟರ್ ತೆರೆದುಕೊಂಡಿದ್ದರೆ ಲೇಸರ್ ಬಿದ್ದಾಗ ಆವೇಶ ಕೂಡಿಕೊಂಡು ಅಯಾನನ್ನು ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ಗ್ರಾಹಕರಿಗೆ ಆ ಸಂದು ಶಾರ್ಟ್ ಆಗದಿದ್ದರೆ ಸಾಕು. ಇಲ್ಲಿ ಅದು ಅಯಾನಿಗೆ ‘ಕಾಣಿಸಲೂ’ ಕೂಡದು. ಮೂರನೆಯದು ಮೇಲ್ಮೈ. ಚಿನ್ನದ ಮೇಲೆ ಕುಳಿತ ಒಂದೇ ಪದರ ಇಂಗಾಲದ ಕೊಳೆಯೂ ವಿದ್ಯುತ್ ಗದ್ದಲ ಎಬ್ಬಿಸಿ ಅಯಾನನ್ನು ಬಿಸಿ ಮಾಡುತ್ತದೆ. ದೂರ ಅರ್ಧವಾದರೆ ಈ ಬಿಸಿ ಸುಮಾರು ಹದಿನಾರು ಪಟ್ಟು ಏರುತ್ತದೆ. ಅಯಾನು ಹತ್ತಿರವಿದ್ದಷ್ಟೂ ಚಿಪ್‌ನ ಹಿಡಿತ ಬಿಗಿ, ಆದರೆ ಗದ್ದಲವೂ ಜೋರು. ವಿನ್ಯಾಸಕಾರರ ನಿದ್ದೆಗೆಡಿಸುವ ಎಳೆದಾಟ ಇದೇ. ಬಲೆಯನ್ನು ಕೆಲವೇ ಕೆಲ್ವಿನ್‌ಗೆ ತಣಿಸಿದರೆ ಗದ್ದಲ ತಗ್ಗುತ್ತದೆ ಎನ್ನುವುದೊಂದು ಸಮಾಧಾನ.

ಈಗ ವೈರಿಂಗ್. ಸಾವಿರಾರು ಅಯಾನನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. ಆದ್ದರಿಂದ ಚಿಪ್ ಮೇಲೆ ಬೇರೆ ಬೇರೆ ತಾಣಗಳನ್ನು ಮಾಡಿ, ವೋಲ್ಟೇಜ್ ಬದಲಿಸುತ್ತ ಅಯಾನನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕು. 2002ರಲ್ಲೇ ಬಂದ ಯೋಜನೆ ಇದು. ಇವತ್ತು ಕ್ವಾಂಟಿನ್ಯುಯಮ್ ಕಂಪನಿಯ ಯಂತ್ರಗಳು ನಡೆಯುವುದು ಹೀಗೆಯೇ. ಪ್ರತಿ ತಾಣಕ್ಕೂ ಹಲವು ಎಲೆಕ್ಟ್ರೋಡ್, ಪ್ರತಿ ಎಲೆಕ್ಟ್ರೋಡಿಗೂ ಪ್ರತ್ಯೇಕ ವೋಲ್ಟೇಜ್. ಅಷ್ಟು ತಂತಿಗಳನ್ನು ನಿರ್ವಾತದ ಗೋಡೆ ತೂರಿಸಿ ಒಳಗೆ ಒಯ್ಯುವುದು ಹೇಗೆ? ತಂತಿಗಳನ್ನು ಚಿಪ್‌ನ ಒಳಪದರಗಳಲ್ಲಿ ಓಡಿಸಬೇಕು, ನಿಯಂತ್ರಣದ ಸರ್ಕಿಟನ್ನೂ ಆದಷ್ಟು ಅಲ್ಲಿಗೇ ತರಬೇಕು. ಮಲ್ಟಿಲೇಯರ್ ಬೋರ್ಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಕ್ಸ್‌ಫರ್ಡ್ ಅಯಾನಿಕ್ಸ್ ಕಟ್ಟಿದ ಕ್ರಿಸ್ ಬ್ಯಾಲೆನ್ಸ್ ಮತ್ತು ಟಾಮ್ ಹಾರ್ಟಿ ಬಾಜಿ ಕಟ್ಟಿದ್ದು ಲೇಸರಿನ ವಿರುದ್ಧ. ಎಲ್ಲ ಅಯಾನಿಗೂ ಒಂದೊಂದು ಕಿರಣ ಗುರಿ ಹಿಡಿದು ನಿಲ್ಲಿಸುವುದು ಪ್ರಯೋಗಾಲಯಕ್ಕೆ ಸರಿ, ಕಾರ್ಖಾನೆಗೆ ಅಲ್ಲ ಎಂಬುದು ಅವರ ವಾದ. ಬದಲಿಗೆ ಚಿಪ್‌ನಲ್ಲೇ ಹುದುಗಿರುವ ತಂತಿಯಲ್ಲಿ ಮೈಕ್ರೋವೇವ್ ಹರಿಸಿ, ಅದರ ಕಾಂತಕ್ಷೇತ್ರದಿಂದ ಗೇಟ್ ಮಾಡುತ್ತಾರೆ. ಇಂಥ ಎರಡು ಕ್ಯೂಬಿಟ್ ಗೇಟ್ ಸಾಧ್ಯ ಎಂದು ಬೌಲ್ಡರಿನವರು 2011ರಲ್ಲಿ ತೋರಿಸಿದ್ದರು. ಹಾರ್ಟಿ ಮತ್ತು ಜೊತೆಗಾರರು 2016ರಲ್ಲಿ ಅದನ್ನು ಶೇಕಡಾ 99.7 ನಿಖರತೆಗೆ ಏರಿಸಿದರು; 2024ರಲ್ಲಿ ಕಂಪನಿ 99.97 ಎಂದಿತು. ತಣಿಸುವುದಕ್ಕೆ, ಓದುವುದಕ್ಕೆ ಲೇಸರ್ ಈಗಲೂ ಬೇಕು. ಲೆಕ್ಕದ ಭಾರ ಮಾತ್ರ ತಂತಿಗೆ ಬಿತ್ತು.

ಚಿಪ್ ತಯಾರಿಕೆಗೆ ಅವರು ಕೈಜೋಡಿಸಿದ್ದು ಜರ್ಮನಿಯ ಇನ್ಫಿನಿಯನ್ ಜೊತೆ. ಆ ಸಂಸ್ಥೆ ಆಸ್ಟ್ರಿಯಾದ ಫಿಲಾಖ್ ಊರಿನ ಘಟಕದಲ್ಲಿ ಅಯಾನು ಬಲೆಗಳನ್ನು ಮಾಡುತ್ತದೆ. ಹಲ್ಲುಪುಡಿ, ರಸಬಾಳೆಗಳ ನಿಮ್ಮ ಊರಿಗೂ ಆಸ್ಟ್ರಿಯಾ ಹೊಸದಲ್ಲ: ಲಿಯೋಬೆನ್‌ನ ಎಟಿ ಅಂಡ್ ಎಸ್ ಕಂಪನಿ 1999ರಿಂದ ನಂಜನಗೂಡಿನಲ್ಲಿ ಪಿಸಿಬಿ ಮಾಡುತ್ತಿದೆ. ಅಯಾನು ಬಲೆ ಅಲ್ಲಿನ ಕೆಲಸವಲ್ಲ, ತಪ್ಪು ತಿಳಿಯಬೇಡಿ. ನಾನು ಹೇಳುವುದಿಷ್ಟೇ: ಒಂದು ಗೇಟ್ ಮಾಡುವ ಭೌತಶಾಸ್ತ್ರದ ಗಂಟು ಬಹುಪಾಲು ಬಿಚ್ಚಿದೆ. ಲಕ್ಷ ಗೇಟ್‌ಗಳ ದಾರಿಯಲ್ಲಿ ಉಳಿದಿರುವುದು ಯೀಲ್ಡ್, ಪದರದ ಹೊಂದಾಣಿಕೆ, ಕೊಳೆ, ಕನೆಕ್ಟರ್. ಇವುಗಳ ಬಗ್ಗೆ ಅನೇಕ ಪ್ರೊಫೆಸರುಗಳಿಗಿಂತ ನಿಮ್ಮ ಶಿಫ್ಟ್ ಸೂಪರ್‌ವೈಸರಿಗೆ ಹೆಚ್ಚು ತಿಳಿದಿರುತ್ತದೆ.

ಪ್ರಶ್ನೆ: ಈ ಕಂಪ್ಯೂಟರ್ ಬಂದರೆ ನಮ್ಮ ಯುಪಿಐ, ಬ್ಯಾಂಕಿನ ಹಣ ಎಲ್ಲ ಕದ್ದುಬಿಡಬಹುದಂತೆ, ನಿಜವೇ?
— ದಿನಸಿ ಅಂಗಡಿಯವರು, ಬನ್ನೂರು

ಉತ್ತರ: ಇವತ್ತಿಲ್ಲ. ಬ್ಯಾಂಕುಗಳು ನೆಚ್ಚಿರುವ ಕೆಲವು ಗೂಢಲಿಪಿಗಳನ್ನು ಕ್ವಾಂಟಮ್ ಕಂಪ್ಯೂಟರ್ ಒಡೆಯಬಲ್ಲದು ಎಂದು ಪೀಟರ್ ಶೋರ್ 1994ರಲ್ಲಿ ಗಣಿತದಿಂದ ತೋರಿಸಿದ್ದು ನಿಜ. ಆದರೆ ಅದಕ್ಕೆ ಬೇಕಾದ ಕ್ಯೂಬಿಟ್‌ಗಳು ಲಕ್ಷಗಟ್ಟಲೆ. 2025ರ ನವೆಂಬರಿನಲ್ಲಿ ಹೊರಬಂದ ಕ್ವಾಂಟಿನ್ಯುಯಮ್‌ನ ಹೀಲಿಯೋಸ್ ಅಯಾನು ಯಂತ್ರದಲ್ಲಿ ಇರುವುದು 98. ಕ್ವಾಂಟಮ್‌ಗೂ ಬಗ್ಗದ ಹೊಸ ಲಿಪಿಗಳ ಮಾನದಂಡವನ್ನು ಅಮೆರಿಕದ ಸರ್ಕಾರಿ ಸಂಸ್ಥೆ 2024ರ ಆಗಸ್ಟಿನಲ್ಲೇ ಹೊರಡಿಸಿದೆ, ಬ್ಯಾಂಕುಗಳು ನಿಧಾನಕ್ಕೆ ಅದಕ್ಕೆ ಬದಲಾಗಬೇಕು. ನಿಮ್ಮ ಹಣ ಹೋಗುವುದಿದ್ದರೆ ಅಯಾನಿನಿಂದಲ್ಲ, ಫೋನಿನಲ್ಲಿ ಓಟಿಪಿ ಕೇಳುವವನಿಂದ.

ಪ್ರಶ್ನೆ: ಆಕ್ಸ್‌ಫರ್ಡಿನಿಂದ ಹೊರಬಂದಂತೆ ನಮ್ಮ ವಿಶ್ವವಿದ್ಯಾಲಯಗಳಿಂದ ಇಂಥ ಕಂಪನಿ ಏಕೆ ಬರಲಿಲ್ಲ? ನಮ್ಮಲ್ಲಿ ಅಯಾನು ಹಿಡಿಯುವವರೇ ಇಲ್ಲವೇ?
— ಭೌತಶಾಸ್ತ್ರ ಉಪನ್ಯಾಸಕರು, ತಿ. ನರಸೀಪುರ

ಉತ್ತರ: ಹಿಡಿಯುವವರು ಇದ್ದಾರೆ, ಬೆಂಗಳೂರಿನಲ್ಲೇ. ಸಿ.ವಿ. ರಾಮನ್ ಅವರು ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಾದಿಕ್ ರಂಗವಾಲ ಅವರ ತಂಡ ವರ್ಷಗಳಿಂದ ಅಯಾನು ಮತ್ತು ತಣ್ಣನೆಯ ಪರಮಾಣುಗಳನ್ನು ಒಂದೇ ಬಲೆಯಲ್ಲಿ ಕೂಡಿಹಾಕಿ ಅಭ್ಯಾಸ ಮಾಡಿದೆ. ರುಬಿಡಿಯಂ ಅಯಾನನ್ನು ಅಷ್ಟೇ ತೂಕದ ರುಬಿಡಿಯಂ ಪರಮಾಣುಗಳ ಡಿಕ್ಕಿಯಿಂದಲೇ ತಣಿಸಬಹುದು ಎಂದು 2012ರಲ್ಲಿ ಅವರು ತೋರಿಸಿದ್ದು, ಆಗಿನ ನಂಬಿಕೆಗೆ ಸಾಕಷ್ಟು ವಿರುದ್ಧವಾದ ಫಲಿತಾಂಶ. ಅದು ಕಂಪ್ಯೂಟರಿಗಾಗಿ ಮಾಡಿದ ಕೆಲಸವಲ್ಲ, ಶುದ್ಧ ಭೌತಶಾಸ್ತ್ರ. ಆದರೆ ಬೇಕಾಗುವ ಕೈಪಳಗು ಅದೇ.

ಪ್ರಾಧ್ಯಾಪಕರು ಕಂಪನಿ ಕಟ್ಟುವುದೂ ನಮಗೆ ಹೊಸದಲ್ಲ. ಐಐಎಸ್‌ಸಿಯ ವಿಜಯ್ ಚಂದ್ರು ಮತ್ತು ಮೂವರು ಸಹೋದ್ಯೋಗಿಗಳು 2000ದಲ್ಲೇ ಸ್ಟ್ರ್ಯಾಂಡ್ ಜಿನೋಮಿಕ್ಸ್ ಆರಂಭಿಸಿದರು. ಕ್ವಾಂಟಮ್ ಕಂಪನಿಗಳೂ ಬೆಂಗಳೂರಿನಲ್ಲಿವೆ, ಹಿಡಿದ ದಾರಿ ಬೇರೆ: ಕ್ಯುಪಿಎಐ 2025ರ ಏಪ್ರಿಲ್‌ನಲ್ಲಿ ಹೊರತಂದ ‘ಇಂಡಸ್’ 25 ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಯಂತ್ರ. ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ ಕೂಡ ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್ ಎಂಬ ಗುರಿ ಹೇಳುವಾಗ ಹೆಸರು ಹಿಡಿದದ್ದು ಸೂಪರ್‌ಕಂಡಕ್ಟಿಂಗ್ ಮತ್ತು ಫೋಟಾನಿಕ್ ತಂತ್ರಗಳನ್ನು. ಅದರ ಕಂಪ್ಯೂಟಿಂಗ್ ಕೇಂದ್ರ ಐಐಎಸ್‌ಸಿಯಲ್ಲೇ ಇದೆ.

ಅಯಾನಿನ ಕಂಪನಿ ಏಕಿಲ್ಲ ಎಂಬುದಕ್ಕೆ ನನ್ನ ಉತ್ತರ ಎರಡು. ಮೊದಲನೆಯದು ಕಾಲ. ಮನ್ರೋ 1995ರ ಪ್ರಯೋಗದಿಂದ 2015ರಲ್ಲಿ ಅಯಾನ್‌ಕ್ಯೂ ಕಟ್ಟುವವರೆಗೆ ಇಪ್ಪತ್ತು ವರ್ಷ ಹಿಡಿಯಿತು. ಆಕ್ಸ್‌ಫರ್ಡಿನಲ್ಲೂ ಬ್ಯಾಲೆನ್ಸ್, ಹಾರ್ಟಿ ಬರುವ ಮುಂಚೆಯೇ ಆಂಡ್ರ್ಯೂ ಸ್ಟೀನ್, ಡೇವಿಡ್ ಲ್ಯೂಕಾಸ್ ಅವರ ಗುಂಪು ವರ್ಷಗಟ್ಟಲೆ ಬಲೆ ಕಟ್ಟುತ್ತ ಕೂತಿತ್ತು. ಕಂಪನಿಯ ಐದಾರು ವರ್ಷವನ್ನು ಮಾತ್ರ ನಾವು ಎಣಿಸುತ್ತೇವೆ.

ಎರಡನೆಯದು ಕಾರ್ಖಾನೆ. ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಒಳ್ಳೆಯ ಕ್ಲೀನ್‌ರೂಮ್ ಇದೆ, ಮಾದರಿ ಚಿಪ್ ಅಲ್ಲಿ ಮಾಡಬಹುದು. ಮೊಹಾಲಿಯ ಸರ್ಕಾರಿ ಘಟಕ 180 ನ್ಯಾನೊಮೀಟರಿನದು. ಅಯಾನು ಬಲೆಗೆ ಅಷ್ಟು ಸೂಕ್ಷ್ಮತೆ ಧಾರಾಳ, ಅದು ಮೊಬೈಲ್ ಪ್ರೊಸೆಸರ್ ಅಲ್ಲವಲ್ಲ. ಬೇಕಾಗಿರುವುದು ಐವತ್ತು ಚಿಪ್‌ನ ವಿಚಿತ್ರ ಆರ್ಡರನ್ನು ಬೇಸರವಿಲ್ಲದೆ ತೆಗೆದುಕೊಂಡು, ಕೆಟ್ಟರೆ ಮತ್ತೆ ಮಾಡಿಕೊಡುವ ಲೈನ್. ಕರ್ನಾಟಕ ಸರ್ಕಾರ 2025ರಲ್ಲಿ ಕ್ವಾಂಟಮ್‌ಗೆ 1,000 ಕೋಟಿ ಘೋಷಿಸಿದೆ, ‘ಕ್ಯು-ಸಿಟಿ’ಯ ಮಾತೂ ಕೇಳುತ್ತಿದೆ. ಕಟ್ಟಡಕ್ಕೆ ಖರ್ಚಾಗುವ ಒಂದೊಂದು ಕೋಟಿಗೂ ಅಂಥ ಲೈನಿಗೆ, ತಂತ್ರಜ್ಞರ ಸಂಬಳಕ್ಕೆ ಒಂದು ಕೋಟಿ ಇಡುತ್ತಾರೆಯೇ ಎಂದು ವಿಧಾನಸಭೆಯಲ್ಲಿ ಯಾರಾದರೂ ಕೇಳಬೇಕು.

ಪ್ರಶ್ನೆ: ಅಮೆರಿಕದ ಕ್ವಾಂಟಮ್ ಷೇರು ತಗೊಳ್ಳಿ, ಮೂರು ಪಟ್ಟಾಗುತ್ತೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹೇಳ್ತಿದ್ದಾರೆ. ತಗೊಳ್ಳಲೇ?
— ವ್ಯಾಪಾರಿ, ನಂಜನಗೂಡು

ಉತ್ತರ: ನಾನು ಷೇರು ಪಂಡಿತನಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ಅಯಾನ್‌ಕ್ಯೂಗೆ 2024ರಲ್ಲಿ ಬಂದ ವರಮಾನ ಸುಮಾರು 4.3 ಕೋಟಿ ಡಾಲರ್, ಆದ ನಷ್ಟ ಸುಮಾರು 33 ಕೋಟಿ. ಆಕ್ಸ್‌ಫರ್ಡ್ ಅಯಾನಿಕ್ಸನ್ನು ಕೊಂಡ 107.5 ಕೋಟಿಯಲ್ಲಿ ನಗದು 1 ಕೋಟಿ ಡಾಲರ್ ಮಾತ್ರ, ಉಳಿದದ್ದು ತನ್ನದೇ ಷೇರು. 2030ಕ್ಕೆ 20 ಲಕ್ಷ ಕ್ಯೂಬಿಟ್ ಎಂದು ಹೇಳಿಕೊಂಡಿದೆ. ಮೇಲೆ ಹೇಳಿದ ಹೀಲಿಯೋಸ್‌ನ 98 ನೆನಪಿರಲಿ. ಮಗಳ ಮದುವೆಗೆ ಇಟ್ಟ ದುಡ್ಡನ್ನು ಇಲ್ಲಿ ಹಾಕಬೇಡಿ.

ಪ್ರಶ್ನೆ: ನಮ್ಮದು ರೇಷ್ಮೆ ಬೇಸಾಯ. ಮಗ ಸೆಕೆಂಡ್ ಪಿಯು ಸೈನ್ಸು. ಆರು ತಿಂಗಳ ಕ್ವಾಂಟಮ್ ಕೋರ್ಸು, ಕೆಲಸ ಗ್ಯಾರಂಟಿ ಅಂತ ಯಾರೋ ಅರವತ್ತು ಸಾವಿರ ಕೇಳ್ತಾವ್ರೆ. ಕಟ್ಟೋದಾ ಬ್ಯಾಡ್ವಾ?
— ಒಬ್ಬ ತಾಯಿ, ತಿ. ನರಸೀಪುರ ತಾಲ್ಲೂಕು

ಉತ್ತರ: ಬೇಡ ತಾಯಿ. ಆರು ತಿಂಗಳಲ್ಲಿ ಕಲಿತು ಈ ಕೆಲಸಕ್ಕೆ ಸೇರಿದವರನ್ನು ನಾನು ಕಂಡಿಲ್ಲ. ಪ್ರೋಗ್ರಾಂ ಬರೆಯುವ ಆಸೆಯಾದರೆ ಐಬಿಎಂನ ಕಿಸ್ಕಿಟ್ ಪುಕ್ಕಟೆ ಸಿಗುತ್ತದೆ, ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಕೇಳಬಹುದು. ಪರೀಕ್ಷೆ ಬರೆದರೆ ಮಾತ್ರ ಸಣ್ಣ ಶುಲ್ಕ.

ಓದಿನಲ್ಲಿ ಬಲವಾಗಿದ್ದರೆ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್‌ಗೆ ಪ್ರಯತ್ನಿಸಲಿ. ಇಲ್ಲವಾದರೆ ಮಾನಸಗಂಗೋತ್ರಿಯಲ್ಲಿ ಎಂಎಸ್‌ಸಿ ಭೌತಶಾಸ್ತ್ರದವರೆಗೆ ಓದುವುದೂ ಒಳ್ಳೆಯ ದಾರಿ. ಎಂಜಿನಿಯರಿಂಗ್ ಎಂದಾದರೆ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಕ್ವಾಂಟಮ್ ಅನ್ನು ಉಪವಿಷಯವಾಗಿ ಓದಬಹುದು. ಎಐಸಿಟಿಇ ಅದಕ್ಕೆ ಪಠ್ಯಕ್ರಮ ಮಾಡಿದೆ. ಪುಸ್ತಕಕ್ಕಿಂತ ಕೈಕೆಲಸ ಇಷ್ಟಪಡುವ ಹುಡುಗನಾದರೆ ಡಿಪ್ಲೊಮಾ ಕೀಳೆಂದು ತಿಳಿಯಬೇಡಿ. ನಿರ್ವಾತ ಪಂಪ್ ಸೋರುವುದನ್ನು ಹುಡುಕಬಲ್ಲವನು, ಮೈಕ್ರಾನ್ ಅಳತೆಗೆ ಲೋಹ ಕಡೆಯಬಲ್ಲವನು, ಲೇಸರ್ ಸಾಲಿಗೆ ತರಬಲ್ಲವನು ಇಂಥ ಪ್ರಯೋಗಾಲಯಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ಮೈಸೂರಿನ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಕಲಿಸುತ್ತಾರೆ, ಹೋಗಿ ವಿಚಾರಿಸಿ.

ಆ ಕೋರ್ಸಿನವರನ್ನು ಒಂದು ಮಾತು ಕೇಳಿ: ನಿಮ್ಮಲ್ಲಿ ಕಲಿತವರು ಯಾವ ಪ್ರಯೋಗಾಲಯದಲ್ಲಿ, ಯಾವ ಕಂಪನಿಯಲ್ಲಿ ಕೆಲಸದಲ್ಲಿದ್ದಾರೆ, ಅವರ ಹತ್ತಿರ ಮಾತಾಡಿಸಿ ಅಂತ. ಗ್ಯಾರಂಟಿಯನ್ನು ಛಾಪಾ ಕಾಗದದಲ್ಲಿ ಬರೆದುಕೊಡಿ ಎಂದೂ ಕೇಳಿ. ಮುಂಗಡ ಈಗಾಗಲೇ ಕೊಟ್ಟಿದ್ದರೆ ರಸೀದಿ ಜೋಪಾನ ಮಾಡಿ, ತರಗತಿ ಶುರುವಾಗುವ ಮೊದಲೇ ವಾಪಸ್ ಕೇಳಿ. ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಗನ ಕೈಲಿ ಫೋನ್ ಮಾಡಿಸಿ. ಕನ್ನಡದಲ್ಲೇ ದೂರು ಕೊಡಬಹುದು.